‘ನಮ್ಮವರು’ ಅಂದರೆ ಯಾರು?

(ಮಾಸೂರಿನ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣ ಮಾಡಿದವಳಲ್ಲ. ಇಂಗ್ಲೆಂಡಿನಿಂದ ಸೊಸೆ ರಜೆಗೆ ಬಂದಾಳ ಅಂತ ತಿಳಿದು ಗುರುಗಳು ಕರೆಸಿದರು. "ಪರದೇಶದಾಗ ಸಂಸಾರ ಹೆಂಗ ಹೂಡಿದಿರಿ, ನಾಕು ಮಂದಿ ಮುಂದ ಹೇಳು ತಾಯಿ" ಅಂದರು. ಚೆಂದದ ಊರು, ದೊಡ್ಡ ರಸ್ತೆ, ಹಿಮ ಬೀಳುವುದು, ಇವನ್ನೆಲ್ಲ ಹೇಳಿ ಇಳಿದುಬಿಡಬಹುದಿತ್ತು. ಆದರೆ ಇದು ಅನುಭಾವದ ಗೋಷ್ಠಿ. ಇಲ್ಲಿ ನಿಂತು ಅರ್ಧ ಮಾತ್ರ ಹೇಳಬಾರದು ಅನ್ನಿಸಿತು. ಅದಕ್ಕೆ ನಮ್ಮ ಅತ್ತೆಯವರ ಅಪ್ಪಣೆ ಕೇಳಿದೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. "ಹೇಳು, ನಾ ಅಂದದ್ದೂ ಹೇಳು, ಮುಚ್ಚಿಡಬ್ಯಾಡ" ಅಂದಿದ್ದಾರೆ. ಆ ಧೈರ್ಯದ ಮೇಲೆ ನಿಂತಿದ್ದೇನೆ.

ಮೊದಲು ಒಂದು ಮಾತು. ಹೆಣ್ಣುಮಕ್ಕಳಿಗೆ ಮೊದಲನೆಯ ಪರದೇಶ ಗಂಡನ ಮನೆ. ನನ್ನ ತವರು ಹಾನಗಲ್ಲ ಕಡೆ. ಮದುವೆಯಾಗಿ ಈ ಮಾಸೂರಿಗೆ ಬಂದಾಗ ಯಾವ ಡಬ್ಬಿಯಲ್ಲಿ ಉಪ್ಪಿದೆ, ಯಾವ ಹೊತ್ತಿಗೆ ನಲ್ಲಿ ಬರುತ್ತದೆ, ಯಾರಿಗೆ ಎಷ್ಟು ಖಾರ ಬೇಕು, ಒಂದೂ ಗೊತ್ತಿರಲಿಲ್ಲ. ಕುಮುದ್ವತಿ ಯಾವ ದಿಕ್ಕಿಗೆ ಹರಿಯುತ್ತದೆ, ಮದಗದ ಕೆರೆ ಎಲ್ಲಿದೆ ಅಂತ ಕೇಳಿ ಕೇಳಿ ತಿಳಿದುಕೊಂಡೆ. ಇಲ್ಲಿ ಕೂತ ತಾಯಂದಿರಿಗೆಲ್ಲ ಇದು ಗೊತ್ತು. ಹೊಸಬರಾಗಿ ಬಂದವರಿಗೆ ಒಂದೇ ಒಂದು ಆಸೆ ಇರುತ್ತದೆ: ಯಾರಾದರೂ ಒಬ್ಬರು ‘ಈಕೆ ನಮ್ಮಾಕಿ’ ಅನ್ನಲಿ ಅಂತ. ನಾನು ಇವತ್ತು ಹೇಳಬೇಕೆಂದಿರುವುದು ಆ ಒಂದು ಮಾತಿನ ಕತೆ.

ನಾವು ಹೋದದ್ದು 2019ರ ಫೆಬ್ರವರಿಯಲ್ಲಿ. ಯಜಮಾನರಿಗೆ ರೆಡಿಂಗ್ ಎಂಬ ಊರಿನಲ್ಲಿ ಕಂಪ್ಯೂಟರ್ ಕೆಲಸ. ಲಂಡನ್ನಿನಿಂದ ಪಶ್ಚಿಮಕ್ಕೆ, ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಮಗಳಿಗೆ ಆಗ ಐದು ವರ್ಷ. ಆ ಊರಿನಲ್ಲಿ ಕೆನೆಟ್ ಎಂಬ ನದಿ ಬಂದು ಥೇಮ್ಸ್ ನದಿಯನ್ನು ಕೂಡುತ್ತದೆ. ಯಜಮಾನರು ನಕ್ಷೆ ತೋರಿಸಿ, "ನೋಡು, ಇದೂ ಒಂದು ಸಂಗಮ" ಅಂದರು. ಅಷ್ಟು ಕೇಳಿದ್ದೇ ನನಗೆ ಅರ್ಧ ಸಮಾಧಾನ.

ಹೊರಡುವಾಗಲೇ ಒಂದು ಪಾಠವಾಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೊರಳಿನ ಬೆಳ್ಳಿಯ ಕರಡಿಗೆ ಕಂಡು ಯಂತ್ರ ಕೂಗಿತು. ಅಲ್ಲಿದ್ದ ಹೆಣ್ಣುಮಗಳು ಮರ್ಯಾದೆಯಿಂದಲೇ ಕೇಳಿದಳು: "ಇದು ಏನು? ಒಳಗೆ ಏನಿದೆ?" ಶರಣ ಬಂಧುಗಳೇ, ಹುಟ್ಟಿದಾಗಿನಿಂದ ಎದೆಯ ಮೇಲಿದ್ದ ಲಿಂಗ. ಅದು ಏನು ಅಂತ ಎರಡು ವಾಕ್ಯದಲ್ಲಿ ಹೇಳಲು ನನಗೆ ಬರಲಿಲ್ಲ. "ದೇವರು" ಅಂದೆ. "ದೇವರನ್ನು ನೀವೇ ಹೊತ್ತುಕೊಂಡು ಹೋಗುತ್ತೀರಾ?" ಅಂತ ಆಕೆ ಬೆರಗಿನಿಂದ ಕೇಳಿದಳು. ವಿಮಾನದಲ್ಲಿ ಕೂತ ಮೇಲೆ ಅನ್ನಿಸಿತು, ಆಕೆ ಕೇಳಿದ ಪ್ರಶ್ನೆಯಲ್ಲೇ ಉತ್ತರ ಇತ್ತು. ಗುಡಿಗೆ ಹೋಗಲಾರದವರಿಗೆ, ಗುಡಿಯೊಳಗೆ ಬಿಡದವರಿಗೆ, ಊರು ಬಿಟ್ಟು ಹೋಗುವವರಿಗೆ ಅಂತಲೇ ಬಸವಾದಿ ಶರಣರು ದೇವರನ್ನು ಅಂಗೈಗೆ ಕೊಟ್ಟರು. ನಾವು ಅದನ್ನು ಬೆಳ್ಳಿಯ ಒಡವೆ ಮಾಡಿಕೊಂಡಿದ್ದೆವು.

ಅಲ್ಲಿ ಸಂಸಾರ ಹೂಡುವುದು ಹೇಗೆ ಅಂತ ನಿಮ್ಮ ಮಕ್ಕಳೂ ನಾಳೆ ಕೇಳಿಯಾರು, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ಮನೆಯ ವಿಳಾಸದ ಪುರಾವೆ ತನ್ನಿ ಅಂದರು. ಮನೆ ಕೇಳಲು ಹೋದರೆ ಬ್ಯಾಂಕಿನ ಪತ್ರ ತನ್ನಿ ಅಂದರು. ಹೊಸಬರಿಗೆ ಆ ದೇಶದಲ್ಲಿ ಸಾಲ ತೀರಿಸಿದ ಇತಿಹಾಸ ಇರುವುದಿಲ್ಲ. ಹಾಗಾಗಿ ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳಿದರು. ಕೂಡಿಟ್ಟ ಹಣವೆಲ್ಲ ಒಂದೇ ದಿನ ಖಾಲಿ. ದವಾಖಾನೆಯ ವ್ಯವಸ್ಥೆ ಸರ್ಕಾರದ್ದು. ವೀಸಾ ತೆಗೆದುಕೊಳ್ಳುವಾಗಲೇ ತಲಾ ವರ್ಷಕ್ಕೆ 400 ಪೌಂಡ್ ಕಟ್ಟಿಸಿಕೊಂಡಿದ್ದರು. ಮನೆ ಹತ್ತಿರದ ಡಾಕ್ಟರರ ಹತ್ತಿರ ಹೆಸರು ಬರೆಸಿದ ಮೇಲೆ ನೋಡುವುದಕ್ಕೆ ಹಣ ಕೇಳುವುದಿಲ್ಲ. ಆದರೆ ಸರದಿ ಬರುವವರೆಗೆ ಕಾಯಬೇಕು.

ಚಳಿಗಾಲದಲ್ಲಿ ಬೆಳಗಿನ ಎಂಟು ಗಂಟೆಗೆ ಬೆಳಕು, ಸಂಜೆ ನಾಲ್ಕಕ್ಕೆ ಕತ್ತಲೆ. ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ. ಸೂರ್ಯನನ್ನು ನೋಡಿ ಪೂಜೆಗೆ ಕೂಡುವ ರೂಢಿ ಬಿಟ್ಟು, ಗಡಿಯಾರ ನೋಡಿ ಕೂಡುವುದನ್ನು ಕಲಿತೆವು. ಜೋಳದ ಹಿಟ್ಟು ಗುಜರಾತಿಗಳ ಅಂಗಡಿಯಲ್ಲಿ ಸಿಕ್ಕಿತು. ಮೊದಲ ದಿನ ರೊಟ್ಟಿ ಬಡಿದಾಗ ಎರಡು ಅನಾಹುತವಾದವು. ಹೊಗೆಗೆ ಛಾವಣಿಯ ಎಚ್ಚರಿಕೆ ಗಂಟೆ ಊರು ಕೇಳುವಂತೆ ಬಡಿದುಕೊಂಡಿತು. ಆ ಸದ್ದು ನಿಲ್ಲಿಸುವುದರೊಳಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದಳು. ಅಲ್ಲಿ ಮನೆಗಳಿಗೆ ನಡುವೆ ಒಂದೇ ಗೋಡೆ. ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಅಂತ ಆಕೆ ಹೆದರಿದ್ದಳು! ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೈಗೆ ಕೊಟ್ಟೆ. ಅಲ್ಲೇ ನಿಂತು ತಿಂದು, ಇನ್ನು ಸದ್ದು ಕೇಳಿದರೆ ಬಂದೇ ಬರುತ್ತೇನೆ ಅಂದಳು.

ಮಗಳನ್ನು ಶಾಲೆಗೆ ಹಚ್ಚುವಾಗ ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲಿ ಧರ್ಮ ಯಾವುದು ಅಂತ ಒಂದು ಸಾಲು. ನಾವಿಬ್ಬರೂ ಬಹಳ ಹೊತ್ತು ಚರ್ಚೆ ಮಾಡಿ, ಕೊನೆಗೆ ‘ಇತರೆ’ ಅನ್ನುವಲ್ಲಿ ಗುರುತು ಮಾಡಿ ‘ಲಿಂಗಾಯತ’ ಅಂತ ಬರೆದೆವು. ಜಾತಿ, ಒಳಪಂಗಡ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಅಲ್ಲಿ ಸಣ್ಣ ತರಗತಿಯ ಮಕ್ಕಳಿಗೆಲ್ಲ 2014ರಿಂದ ಮಧ್ಯಾಹ್ನದ ಊಟ ಉಚಿತ. ಬಡವರ ಮಗು, ಸಾಹುಕಾರರ ಮಗು, ಕರಿಯರ ಮಗು, ಬಿಳಿಯರ ಮಗು ಒಂದೇ ಮೇಜಿನಲ್ಲಿ ಉಣ್ಣುತ್ತವೆ. ನನಗೆ ನಮ್ಮ ಶಾಲೆಗಳ ಬಿಸಿಯೂಟ ನೆನಪಾಯಿತು. 2002ರಲ್ಲಿ ನಮ್ಮ ರಾಜ್ಯದಲ್ಲಿ ಅದು ಶುರುವಾದಾಗ ಇಟ್ಟ ಹೆಸರೇ ‘ಅಕ್ಷರ ದಾಸೋಹ’. ಶರಣರ ಶಬ್ದ ಶಾಲೆಯ ಅಡುಗೆಮನೆಗೆ ಬಂದಿದೆ. ನಮ್ಮ ನಮ್ಮ ಮನೆಯ ಅಡುಗೆಮನೆಗೆ ಬಂದಿದೆಯೇ? ಈ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ. ಮತ್ತೆ ಬರುತ್ತೇನೆ.

ಇಷ್ಟೆಲ್ಲ ಆದರೂ ಮನಸ್ಸಿಗೆ ಒಂದು ಆಸರೆ ಇರಲಿಲ್ಲ. ಯಜಮಾನರು ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು ಮಾತಾಡುವುದು ಗೋಡೆಯ ಜೊತೆ. ಒಂದು ದಿನ ಬಸ್ಸಿಗೆ ಕಾಯುತ್ತ ಮಗಳಿಗೆ ಕನ್ನಡದಲ್ಲಿ ಗದರುತ್ತಿದ್ದೆ. ಮುಂದೆ ನಿಂತಿದ್ದ ಹೆಣ್ಣುಮಗಳು ಗಕ್ಕನೆ ತಿರುಗಿದರು.

"ಯಾವೂರ್ರೀ ನಿಮ್ದು?"

"ಮಾಸೂರ್ರಿ."

"ಮದಗದ ಕೆರಿ ಮಾಸೂರನ?"

ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಅವರ ಊರು ನಮ್ಮ ಹಿರೇಕೆರೂರು ಸೀಮೆಯದೇ ಒಂದು ಹಳ್ಳಿ. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ದುಡಿದು, ಇಂಗ್ಲೆಂಡಿನ ಪರೀಕ್ಷೆಗಳನ್ನು ಪಾಸು ಮಾಡಿ ಅಲ್ಲಿನ ದವಾಖಾನೆಗೆ ಬಂದವರು. ಅವತ್ತಿನಿಂದ ಅವರು ನನಗೆ ಅಕ್ಕ. ಯಾವ ಅಂಗಡಿಯಲ್ಲಿ ಬೇಳೆ ಅಗ್ಗ, ಯಾವ ಡಬ್ಬಿಗೆ ಯಾವ ಕಸ, ಡಾಕ್ಟರರ ಮುಂದೆ ಏನು ಹೇಳಬೇಕು, ಕೈಹಿಡಿದು ಕಲಿಸಿದರು.

ಮೊದಲ ಸಲ ಅವರ ಮನೆಗೆ ಹೋದಾಗ ಗೋಡೆಯ ಮೇಲೆ ಬಾಬಾಸಾಹೇಬ ಅಂಬೇಡ್ಕರರ ಫೋಟೋ ಕಂಡಿತು. ನಾನು ನೋಡಿದ್ದನ್ನು ಅಕ್ಕ ನೋಡಿದರು. ಚಾ ತಂದು ಮುಂದೆ ಹಿಡಿದು ನೇರವಾಗಿ ಅಂದರು: "ನಾವು ಕೇರಿಯವರು ನೋಡ್ರಿ. ನಮ್ಮನಿ ಚಾ ನಿಮಗ ನಡೀತೈತೇನ್ರಿ?"

ನಾನು ಲೋಟ ತೆಗೆದುಕೊಂಡೆ. ಆದರೆ ನಿಜ ಹೇಳಬೇಕು. ತೆಗೆದುಕೊಳ್ಳುವ ಮೊದಲು ನನ್ನ ಕೈ ಒಂದು ಕ್ಷಣ ತಡೆಯಿತು. ಕಾಲೇಜು ಓದಿದವಳು ನಾನು. ಚಿಕ್ಕಂದಿನಲ್ಲಿ ವಚನ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ಆರು ಸಾವಿರ ಕಿಲೋಮೀಟರಿಗೂ ದೂರ ಹಾರಿ ಹೋದರೂ ಆ ಒಂದು ಕ್ಷಣ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಯಂತ್ರಕ್ಕೆ ಬೆಳ್ಳಿಯ ಕರಡಿಗೆ ಕಂಡಿತು, ಇದು ಕಾಣಲಿಲ್ಲ.

ಕೆಲವು ತಿಂಗಳ ಮೇಲೆ ಅಕ್ಕನೇ ನನಗೆ ಒಂದು ಕೆಲಸದ ದಾರಿ ತೋರಿಸಿದರು. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ಅಲ್ಲಿ ಸಹಾಯಕಿಯ ಕೆಲಸ. ಎಬ್ಬಿಸುವುದು, ಸ್ನಾನ ಮಾಡಿಸುವುದು, ಉಣ್ಣಿಸುವುದು, ಹಾಸಿಗೆಯಲ್ಲೇ ಆದರೆ ತೊಳೆಯುವುದು. ಊರಿಗೆ ಫೋನು ಮಾಡಿ ಹೇಳಿದಾಗ ಅತ್ತೆಯವರು ಸುಮ್ಮನಾಗಿಬಿಟ್ಟರು. ಆಮೇಲೆ ಅಂದರು: "ಓದಿದ ಸೊಸಿ, ಮಂದಿ ಹೇಲು ಉಚ್ಚಿ ಬಳ್ಯಾಕ ಅಷ್ಟ ದೂರ ಹೋಗಬೇಕಾತೇನವ್ವ?" ಅವರನ್ನು ಅನ್ನಲಾರೆ. ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು. ತೊಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ತೊಳೆದು, ಹೊರಗೆ ಬಂದು ವಾಂತಿ ಮಾಡಿಕೊಂಡೆ. ರಾತ್ರಿ ಅಕ್ಕನಿಗೆ ಹೇಳಿದೆ. ಅಕ್ಕ ಅಂದರು: "ಕೈಗವಸು ಹಾಕ್ಕೊಳ್ರಿ. ಮಾರಿ ಮಾತ್ರ ತಿರುವಬ್ಯಾಡ್ರಿ. ಅವರಿಗೂ ನಾಚಿಕಿ ಇರತೈತಿ."

ಅವತ್ತು ರಾತ್ರಿ ನನಗೆ ಶರಣೆ ಸತ್ಯಕ್ಕ ನೆನಪಾದರು. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಶರಣೆ. ಶಿವಭಕ್ತರ ಅಂಗಳ ಗುಡಿಸುವುದು ಅವರ ಕಾಯಕ. ಹರಳಯ್ಯನವರದು ಚರ್ಮದ ಕಾಯಕ, ಮಾಚಯ್ಯನವರದು ಬಟ್ಟೆ ತೊಳೆಯುವ ಕಾಯಕ. ಈ ಹೆಸರುಗಳನ್ನು ವೇದಿಕೆಯ ಮೇಲೆ ಎಷ್ಟು ಸಲ ಹೇಳಿದ್ದೇವೆ! ಆದರೆ ನಮ್ಮ ಮನೆಯ ಬಚ್ಚಲು ತೊಳೆಯಲು ಇನ್ನೊಬ್ಬರು ಬೇಕು, ತೊಳೆದವರಿಗೆ ಹಿಂದಿನ ಬಾಗಿಲು. ಇಂಗ್ಲೆಂಡಿನಲ್ಲಿ ನಮ್ಮ ಮನೆಯ ಪಾಯಖಾನೆಯನ್ನು ಯಜಮಾನರು ತೊಳೆಯುತ್ತಾರೆ. ಅದು ಅವರ ಪಾಳಿ. ಕಾಯಕದಲ್ಲಿ ಮೇಲು ಕೀಳಿಲ್ಲ ಅನ್ನುವ ಮಾತು ಬಾಯಿಂದ ಕೈಗೆ ಇಳಿಯಲು ನಮಗೆ ಅಷ್ಟು ದೂರದ ಪ್ರಯಾಣ ಬೇಕಾಯಿತು.

ಆ ದೇಶವನ್ನು ಹೊಗಳಲು ನಾನು ಬಂದಿಲ್ಲ. ನಾನು ನೋಡಿಕೊಳ್ಳುವ ಅಜ್ಜಂದಿರು ವಾರಗಟ್ಟಲೆ ಕಿಟಕಿ ನೋಡುತ್ತ ಮಕ್ಕಳಿಗಾಗಿ ಕಾಯುತ್ತಾರೆ. ಒಂದು ಸಂಜೆ ಬಸ್ಸಿನಲ್ಲಿ ಕುಡಿದವನೊಬ್ಬ, ನಿಮ್ಮ ದೇಶಕ್ಕೆ ಹೋಗಿ ಅಂತ ನಮಗೆ ಬೈದ. ಮಗಳು ಹೆದರಿ ನನ್ನ ಕೋಟು ಹಿಡಿದುಕೊಂಡಳು. ಹೊರಗಿನವರು ಅನ್ನಿಸಿಕೊಂಡರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಅವತ್ತು ನನಗೆ ತಿಳಿಯಿತು. ಒಂದೇ ಸಲಕ್ಕೆ ಹೀಗಾದರೆ, ಹುಟ್ಟಿದ ಊರಿನಲ್ಲೇ ದಿನಾ ಅನ್ನಿಸಿಕೊಳ್ಳುವವರಿಗೆ ಏನಾಗಿರಬೇಡ?

ಆ ವರ್ಷ ಬಸವ ಜಯಂತಿಯ ಸಮಯಕ್ಕೆ ನಾವೆಲ್ಲ ಲಂಡನ್ನಿಗೆ ಹೋದೆವು. ಅಕ್ಕನೂ ಬಂದರು. ನಮ್ಮ ರೆಡಿಂಗ್ ಮುಂದೆ ಹರಿಯುವ ಥೇಮ್ಸ್ ಅಲ್ಲಿಗೆ ಬರುವಷ್ಟರಲ್ಲಿ ದೊಡ್ಡ ಹೊಳೆ. ಅದರ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ಬಸವಣ್ಣನವರ ಪುತ್ಥಳಿ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕನ್ನಡಿಗರಾದ ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಎಲ್ಲರೂ ಕೈಮುಗಿದೆವು. ಫೋಟೋ ತೆಗೆಸಿಕೊಂಡೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮುಂದೆ ಹೋಗಿ ಕಟ್ಟೆಯನ್ನು ಮುಟ್ಟಿ ಬಂದರು. ಆಮೇಲೆ ನನ್ನ ಕಡೆ ನೋಡಿ ಅಂದರು: "ನಮ್ಮೂರಾಗ ಬಸವಣ್ಣನ ಗುಡಿ ಐತ್ರಿ. ನಮ್ಮವ್ವ ಒಮ್ಮೆಯೂ ಒಳಗ ಹೋಗಿಲ್ಲ. ಇಲ್ಲಿ ನೋಡ್ರಿ, ಬಾಗಲನ ಇಲ್ಲ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. 2020ರ ಮಾರ್ಚ್ 23ರಂದು ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಆಯಿತು. ಮುದುಕರನ್ನು ನೋಡಿಕೊಳ್ಳುವ ಮನೆಗಳಲ್ಲಿ ಆ ಬೇಸಗೆಯ ಆರಂಭದಲ್ಲಿ ಸಾವು ಸಾಲುಗಟ್ಟಿತು. ನಾನು ತೊಳೆದು, ಉಣ್ಣಿಸಿ, ತಲೆ ಬಾಚಿದ ಜೀವಗಳು ಹೋದವು. ಗುರುವಾರ ರಾತ್ರಿ ಎಂಟಕ್ಕೆ ಜನ ಬಾಗಿಲಲ್ಲಿ ನಿಂತು ನಮ್ಮಂಥವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಏಪ್ರಿಲ್‌ನಲ್ಲಿ ನನಗೂ ಯಜಮಾನರಿಗೂ ರೋಗ ಬಂತು. ಇಬ್ಬರಿಗೂ ಎದ್ದು ನಿಲ್ಲುವ ಶಕ್ತಿ ಇಲ್ಲ. ಮಗಳಿಗೆ ಆರು ವರ್ಷ. ಯಾರೂ ಯಾರ ಮನೆಗೂ ಹೋಗುವಂತಿಲ್ಲ.

ಹತ್ತು ದಿನ ಅಕ್ಕ ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ಅಡುಗೆ ಮಾಡಿ, ನಮ್ಮ ಬಾಗಿಲ ಮುಂದೆ ಇಟ್ಟು, ಗಂಟೆ ಬಾರಿಸಿ ದೂರ ಸರಿದು ನಿಲ್ಲುತ್ತಿದ್ದರು. ಮೆತ್ತನೆಯ ಅನ್ನ, ಸಾರು, ಮಗಳಿಗೆ ಬೇರೆ ಡಬ್ಬಿ. ರಸ್ತೆಯಲ್ಲಿ ನಿಂತು ಕಿಟಕಿಯ ಕಡೆ ನೋಡಿ, ಉಸಿರು ಹೇಗಿದೆ, ಬೆರಳಿಗೆ ಹಾಕುವ ಯಂತ್ರ ಎಷ್ಟು ತೋರಿಸುತ್ತಿದೆ ಅಂತ ಫೋನಿನಲ್ಲಿ ಕೇಳಿ, ಆಮೇಲೆ ಮಲಗಲು ಹೋಗುತ್ತಿದ್ದರು. ಮೂಗಿಗೆ ವಾಸನೆ ಇರಲಿಲ್ಲ, ನಾಲಿಗೆಗೆ ರುಚಿ ಇರಲಿಲ್ಲ. ಜೀವ ಉಳಿಸಿದ್ದು ಆ ಅನ್ನ.

ಊರಿನಿಂದ ಅತ್ತೆಯವರು ದಿನಾ ಅಳುತ್ತ ಫೋನು ಮಾಡುತ್ತಿದ್ದರು. ಒಂದು ದಿನ ಕೇಳಿದರು: "ಅಡಗಿ ಯಾರ ಮಾಡಿ ಕೊಡಾಕತ್ತಾರವ್ವ? ಯಾರ ಪೈಕಿ?"

ನಾನು ಅಂದೆ: "ನಮ್ಮವರ ಅದಾರ ಅತ್ತಿ."

"ಬಸವಣ್ಣನ ಕಳಿಸ್ಯಾನವ್ವ ಅವರನ್ನ" ಅಂತ ಅತ್ತೆ ಅಲ್ಲಿಂದಲೇ ಕೈಮುಗಿದರಂತೆ.

ಶರಣ ಬಂಧುಗಳೇ, ನಮ್ಮ ಕಡೆ ‘ನಮ್ಮವರು’ ಅಂದರೆ ಏನರ್ಥ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಾತಿಯವರು ಅಂತ ಅರ್ಥ. ಅದರಲ್ಲೂ ನಮ್ಮ ಒಳಪಂಗಡದವರು ಅಂತ ಅರ್ಥ. ಅತ್ತೆಯವರು ಕೇಳಿದ್ದು ಆ ಅರ್ಥದಲ್ಲಿ. ನಾನು ಹೇಳಿದ್ದೂ ಆ ಅರ್ಥ ಬರಲಿ ಅಂತಲೇ. ಹಾಗಾಗಿ ಅದು ಸುಳ್ಳು. ಆದರೆ ಬಸವಣ್ಣನವರು ಈ ಮಾತಿಗೆ ಕೊಟ್ಟ ಅರ್ಥ ಬೇರೆ. ಬಂದವರು ಯಾರೇ ಆಗಲಿ ನಮ್ಮವರೆಂದು ಎಣಿಸಬೇಕು ಅಂತ ಅವರು ಬಯಸಿದರು. ಆ ಅರ್ಥದಲ್ಲಿ ನೋಡಿದರೆ ನಾನು ಹೇಳಿದ್ದು ಸತ್ಯ. ಒಂದೇ ಮಾತು ಸುಳ್ಳೂ ಆಯಿತು, ಸತ್ಯವೂ ಆಯಿತು. ಸತ್ಯ ಹೇಳುವ ಧೈರ್ಯವಿಲ್ಲದೆ ಸತ್ಯದ ಮಾತನ್ನೇ ಸುಳ್ಳಿಗೆ ಬಳಸಿದೆ. ಅದು ನನ್ನ ತಪ್ಪು. ಆ ತಪ್ಪಿನಲ್ಲಿ ಅಕ್ಕನ ಹೆಸರು ಅಳಿಸಿಹೋಯಿತು. ನನ್ನ ಜೀವ ಉಳಿಸಿದವರ ಗುರುತನ್ನು ನನ್ನ ಮನೆಯವರಿಂದಲೇ ಬಚ್ಚಿಟ್ಟೆ.

2022ರಲ್ಲಿ ಒಮ್ಮೆ ಊರಿಗೆ ಬಂದಾಗಲೂ ಬಾಯಿ ಬಿಡಲಿಲ್ಲ. ಈ ಸಲ ಹೊರಡುವಾಗ ಅಕ್ಕ ಒಂದು ಗಂಟು ಕೊಟ್ಟರು. ಅವರ ತಾಯಿಗೆ ಒಂದು ಉಣ್ಣೆಯ ಸ್ವೆಟರ್, ಮೊಣಕಾಲಿಗೆ ಹಚ್ಚುವ ಮುಲಾಮು. "ನೀವ ಹೋಗಬೇಕಂತಿಲ್ಲ, ಯಾರ ಕೈಯಾಗರ ಕಳಸ್ರಿ" ಅಂದರು. ಆ ಮಾತು ಚುಚ್ಚಿತು. ನಾನು ಬರುವುದಿಲ್ಲ ಅಂತ ಅವರು ಮೊದಲೇ ಲೆಕ್ಕ ಹಾಕಿದ್ದರು.

ಹೋದ ವಾರ ಅತ್ತೆಯವರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಎದ್ದು ಒಳಗೆ ಹೋದರು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಕೂತರು. ಅವರು ಅಂದದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ:

"ಮೊದಲ ನೀ ಸುಳ್ಳು ಹೇಳಿದ್ದಕ್ಕ ಸಿಟ್ಟು ಬಂತು. ಆಮ್ಯಾಲ ಕುಂತು ವಿಚಾರ ಮಾಡಿದೆ. ಅವತ್ತ ನೀ ಖರೇ ಹೇಳಿದ್ದರ ನಾ ಏನಂತಿದ್ದೆ? ಬ್ಯಾಡವ್ವ, ಆ ಅಡಗಿ ಉಣಬ್ಯಾಡ ಅಂತಿದ್ದೆ. ಮಗ ಸೊಸಿ ಸಾಯಾಕ ಬಿದ್ದಾಗ ನಾ ಹಂಗ ಅಂತಿದ್ದೆನಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬಂತು."

ತಾಯಂದಿರೇ, ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅತ್ತೆಯವರು ಮೂರು ದಿನದಲ್ಲಿ ಮಾಡಿಕೊಂಡ ಈ ಆತ್ಮವಿಚಾರಣೆಯನ್ನು ಓದಿದ ನಾನು ವರ್ಷಗಟ್ಟಲೆ ಮಾಡಿಕೊಂಡಿರಲಿಲ್ಲ.

ಮೊನ್ನೆ ನಾನು ಆ ಊರಿಗೆ ಹೋದೆ. ಕೇರಿಯ ಕೊನೆಯಲ್ಲಿ ಮನೆ. ಅಕ್ಕ ಕಳಿಸಿದ ದುಡ್ಡಿನಲ್ಲಿ ಗೋಡೆಗೆ ಹೊಸ ಬಣ್ಣ ಹಚ್ಚಿಸಿದ್ದಾರೆ. ಅವ್ವ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡು ಮಗಳ ವಾಸನೆ ಹುಡುಕಿದರು. ಬಿಸಿಲಲ್ಲಿ ಬಂದಿದ್ದೆ, ಗಂಟಲು ಒಣಗಿತ್ತು. ಆದರೆ ನೀರು ಕೊಡಲಿಲ್ಲ. ಕೇಳಿದೆ. ಅವ್ವ ಅಂದರು: "ನಮ್ಮನಿ ನೀರು ನಿಮಗ ನಡೀತೈತೇನ್ರಿ, ಎಕ್ಕಾ?" ನನ್ನ ತಾಯಿಗಿಂತ ದೊಡ್ಡವರು, ನನ್ನನ್ನು ಎಕ್ಕಾ ಅಂದರು. ಮಗಳು ರೆಡಿಂಗಿನಲ್ಲಿ ಕೇಳಿದ್ದ ಪ್ರಶ್ನೆಯನ್ನೇ ತಾಯಿ ಇಲ್ಲಿ ಕೇಳಿದರು. ಈ ಸಲ ನನ್ನ ಕೈ ತಡೆಯಲಿಲ್ಲ ಅಂತ ಹೇಳಬಲ್ಲೆ. ಅಷ್ಟೇ ನನ್ನ ಸಾಧನೆ, ಅದಕ್ಕಿಂತ ದೊಡ್ಡದು ಏನೂ ಇಲ್ಲ.

ಈಗ ನಿಮ್ಮ ಮುಂದೆ ಒಂದೆರಡು ವಿಚಾರ ಇಡುತ್ತೇನೆ.

ಕಲ್ಯಾಣ ಅಂದರೆ ಏನಾಗಿತ್ತು? ಹೊಸದಾಗಿ ಬಂದವರ ಊರು. ಬಸವಣ್ಣನವರೇ ಬಾಗೇವಾಡಿ ಬಿಟ್ಟು, ಕೂಡಲಸಂಗಮಕ್ಕೆ ಹೋಗಿ, ಮಂಗಳವೇಢೆ ದಾಟಿ ಅಲ್ಲಿಗೆ ಹೋದವರು. ಅಲ್ಲಮಪ್ರಭುಗಳು ನಮ್ಮ ಹತ್ತಿರದ ಬಳ್ಳಿಗಾವಿಯವರು. ಅಕ್ಕಮಹಾದೇವಿ ಉಡುತಡಿಯಿಂದ ಒಬ್ಬರೇ ನಡೆದು ಹೋದವರು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಪತ್ನಿ ಮಹಾದೇವಿಯವರೊಡನೆ ಬಂದು, ಭಾಷೆ ಗೊತ್ತಿಲ್ಲದ ನಾಡಿನಲ್ಲಿ ಕಟ್ಟಿಗೆ ಹೊರೆ ಮಾರಿ ಸಂಸಾರ ಹೂಡಿದರು. ಅವರನ್ನು ಯಾರಾದರೂ ‘ನೀವು ಯಾರ ಪೈಕಿ’ ಅಂತ ಕೇಳಿ ಬಾಗಿಲು ಹಾಕಿದ್ದರೆ ಕಲ್ಯಾಣ ಆಗುತ್ತಿತ್ತೇ? ಅನುಭವ ಮಂಟಪ ಆಗುತ್ತಿತ್ತೇ?

2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ನಾವೆಲ್ಲ ಸಂತೋಷಪಟ್ಟೆವು. ಲಂಡನ್ನಿನಲ್ಲಿ ಪುತ್ಥಳಿ ಇದೆ ಅಂತ ಹೆಮ್ಮೆಪಡುತ್ತೇವೆ. ಅದೇ ಹೊತ್ತಿಗೆ ನಮ್ಮ ಊರುಗಳಿಗೆ ವರ್ಗವಾಗಿ ಬಂದ ಮಾಸ್ತರರು, ನರ್ಸಮ್ಮನವರು ಬಾಡಿಗೆ ಮನೆ ಕೇಳಿದರೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಇಂಗ್ಲೆಂಡಿನಲ್ಲಿ ನನ್ನ ಸಂಬಳದ ಚೀಟಿ ಕೇಳಿದರು. ಬಣ್ಣ ನೋಡಿ, ಧರ್ಮ ನೋಡಿ ಮನೆ ಇಲ್ಲ ಅನ್ನುವುದು 2010ರ ಸಮಾನತೆಯ ಕಾಯ್ದೆಯ ಪ್ರಕಾರ ಅಲ್ಲಿ ತಪ್ಪು. ನಮ್ಮ ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಶರಣರು ಅದಕ್ಕಿಂತ ಎಂಟುನೂರು ವರ್ಷ ಮೊದಲೇ ತೆಗೆದುಹಾಕಿದ್ದರು. ಕಾಯ್ದೆಯೂ ಇದೆ, ಧರ್ಮವೂ ಇದೆ. ನಡುವೆ ಇಲ್ಲದ್ದು ನಮ್ಮ ಹೊಸ್ತಿಲು ಮಾತ್ರ.

ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತೇವೆ. ಅದು ನಮ್ಮ ಹೆಮ್ಮೆ. ಆದರೆ ಮಠದಲ್ಲಿ ಉಂಡು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ದಾಸೋಹ ಮಠದ್ದಾಗಿಯೇ ಉಳಿಯುತ್ತದೆ, ನಮ್ಮದಾಗುವುದಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ಇಲ್ಲಿ ಬಂದೆ.

ಪರದೇಶಕ್ಕೆ ಮಕ್ಕಳನ್ನು ಕಳಿಸುವ ತಂದೆ ತಾಯಿಗಳಲ್ಲಿ ನನ್ನ ವಿನಂತಿ. ಅವರಿಗೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿ ಕೊಡಿ, ತಪ್ಪಿಲ್ಲ. ಜೊತೆಗೆ ಬಚ್ಚಲು ತೊಳೆಯಲು ಕಲಿಸಿ. ಗಂಡುಮಕ್ಕಳಿಗೂ ರೊಟ್ಟಿ ಬಡಿಯಲು ಕಲಿಸಿ. ಕೊರಳಲ್ಲಿರುವ ಲಿಂಗ ಏನು ಅಂತ ಯಾರಾದರೂ ಕೇಳಿದರೆ ತಮ್ಮ ಮಾತಿನಲ್ಲೇ ಹೇಳುವಷ್ಟು ತಿಳಿಸಿ ಕಳಿಸಿ. ‘ಯಾರ ಪೈಕಿ’ ಅನ್ನುವ ಪ್ರಶ್ನೆಯನ್ನು ಮಾತ್ರ ಗಂಟಿನಲ್ಲಿ ಕಟ್ಟಬೇಡಿ. ಅದು ತೂಕಕ್ಕೆ ಬರುವುದಿಲ್ಲ, ತಪಾಸಣೆಯಲ್ಲಿ ಸಿಗುವುದಿಲ್ಲ. ಆದರೆ ಹೋದಲ್ಲೆಲ್ಲ ಬರುತ್ತದೆ.

ಮುಗಿಸುತ್ತೇನೆ. ನಾಳೆ ಅಕ್ಕನ ತಾಯಿ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನಾನು ಕರೆದಿದ್ದೇನೆ. ಬರುವುದಕ್ಕೆ ಅವರೇ ಹಿಂದೆಮುಂದೆ ನೋಡಿದರು, ಬಹಳ ಒತ್ತಾಯ ಮಾಡಬೇಕಾಯಿತು. ಮನೆಗೆ ಬಂದು ಅತ್ತೆಯವರಿಗೆ ಹೆದರುತ್ತಲೇ ಹೇಳಿದೆ. ಎಲ್ಲಿ ಕೂಡಿಸುತ್ತೀಯಾ, ಯಾವ ತಾಟು ಕೊಡುತ್ತೀಯಾ ಅಂತ ಕೇಳುತ್ತಾರೇನೋ ಅಂತ ಕಾದೆ. ಅತ್ತೆಯವರು ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಕೇಳಿದರು:

"ಆಕಿಗೆ ಹಲ್ಲು ಅದಾವೇನ? ಇಲ್ಲಂದ್ರ ಕಟಕ ರೊಟ್ಟಿ ಬ್ಯಾಡ. ಬಿಸಿ ರೊಟ್ಟಿ ನಾನ ಬಡದು ಹಾಕ್ತೀನಿ."

ಇದಿಷ್ಟೇ ನನ್ನ ಅನುಭವ.